ಹಳೆಯ ಕ್ಯಾಮರೊಗೆ ಡ್ರೈವ್ ಶಾಫ್ಟ್: ಉದ್ದವನ್ನು ಅಳೆಯುವ ಮುನ್ನ ತಿಳಿದಿರಬೇಕಾದದ್ದು

1969ರ ಷೆವರ್ಲೆ ಕ್ಯಾಮರೊ ಕಾರಿಗೆ ಎಷ್ಟು ಉದ್ದದ ಡ್ರೈವ್ ಶಾಫ್ಟ್ ಬೇಕು ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಕಾರ್ಖಾನೆಯಿಂದ ಹೊರಬಂದಾಗಲೇ ಆ ಉದ್ದವು ಕಾರಿನಲ್ಲಿ ಯಾವ ಗೇರ್‌ಬಾಕ್ಸ್ ಇದೆ, ಹಿಂದೆ ಯಾವ ಆಕ್ಸಲ್ ಇದೆ ಎಂಬುದನ್ನು ಅವಲಂಬಿಸಿತ್ತು. ಈಗಂತೂ ಆ ಕಾರುಗಳಿಗೆ ಅರ್ಧ ಶತಮಾನ ದಾಟಿದೆ. ಸ್ಪ್ರಿಂಗ್‌ಗಳು ಕುಸಿದಿರುತ್ತವೆ, ಎಂಜಿನ್ನಿನ ರಬ್ಬರ್ ಮೌಂಟ್‌ಗಳು ಕುಗ್ಗಿರುತ್ತವೆ, ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಗೇರ್‌ಬಾಕ್ಸ್ ಬದಲಿಸಿರುತ್ತಾರೆ, ಇನ್ನೊಬ್ಬರು ಕಾರನ್ನು ಎರಡು ಇಂಚು ತಗ್ಗಿಸಿರುತ್ತಾರೆ. ಆದ್ದರಿಂದ ಕ್ಯಾಟಲಾಗಿನಲ್ಲಿ ಮಾದರಿಯ ಹೆಸರು ನೋಡಿ ಶಾಫ್ಟ್ ತರಿಸುವುದಕ್ಕಿಂತ, ಎದುರಿಗೆ ನಿಂತಿರುವ ಕಾರನ್ನೇ ಸರಿಯಾದ ಕ್ರಮದಲ್ಲಿ ಅಳೆಯುವುದು ಕ್ಷೇಮ. ಟೇಪು ಹಿಡಿಯುವುದು ಕಷ್ಟದ ಕೆಲಸವೇನಲ್ಲ. ಟೇಪು ಹಿಡಿಯುವ ಹೊತ್ತಿಗೆ ಕಾರು ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ತಿಳಿಯುವುದೇ ಇಲ್ಲಿ ಮುಖ್ಯ.

ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ ಎಂಬ ವ್ಯವಸ್ಥೆಯುಳ್ಳ ಬಹುತೇಕ ವಾಹನಗಳಲ್ಲಿ ಗೇರ್‌ಬಾಕ್ಸಿನಿಂದ ಹೊರಟ ತಿರುಗುಬಲವನ್ನು, ಅದನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಹಿಂದಿನ ಡಿಫರೆನ್ಷಿಯಲ್‌ಗೆ ಮುಟ್ಟಿಸಲು ಉದ್ದನೆಯ ಟೊಳ್ಳು ಕೊಳವೆಯೊಂದು ಬೇಕಾಗುತ್ತದೆ. ನಮ್ಮ ಅಂಬಾಸಡರ್ ಕಾರಿನಲ್ಲೂ ಲಾರಿಗಳಲ್ಲೂ ಇರುವ, ಗ್ಯಾರೇಜುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಂದು ಕರೆಯುವ ಭಾಗ ಇದೇ. ಗೇರ್‌ಬಾಕ್ಸ್ ಕಾರಿನ ಒಡಲಿಗೆ ಬಿಗಿಯಾಗಿದ್ದು ಅಲುಗುವುದು ತೀರ ಕಡಿಮೆ. ಹಿಂದಿನ ಆಕ್ಸಲ್ ಮಾತ್ರ ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಏರಿಳಿಯುತ್ತಲೇ ಇರುತ್ತದೆ. ಹೀಗೆ ಏರಿಳಿಯುವಾಗ ಎರಡರ ನಡುವಿನ ಕೋನವೂ ದೂರವೂ ಬದಲಾಗುತ್ತವೆ. ಕೋನದ ಬದಲಾವಣೆಯನ್ನು ಶಾಫ್ಟಿನ ಎರಡೂ ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟ್‌ಗಳು, ಅಂದರೆ ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುವ ಭಾಗಗಳು, ನುಂಗಿಕೊಳ್ಳುತ್ತವೆ. ದೂರದ ಬದಲಾವಣೆಯನ್ನು ಮುಂದಿನ ತುದಿಯ ಸ್ಲಿಪ್ ಯೋಕ್ ಎಂಬ ಜಾರುವ ಕೊಳವೆತುಂಡು ನೋಡಿಕೊಳ್ಳುತ್ತದೆ. ಇದರ ಒಳಗೋಡೆಯಲ್ಲಿ ಉದ್ದುದ್ದಕ್ಕೆ ಕೊರೆದ ಹಲ್ಲುಗಳು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನ ಹಲ್ಲುಗಳೊಂದಿಗೆ ಕೂಡಿಕೊಂಡು ತಿರುಗುತ್ತವೆ, ತಿರುಗುತ್ತಲೇ ಹಿಂದಕ್ಕೂ ಮುಂದಕ್ಕೂ ಜಾರುತ್ತವೆ. ಈ ಹಲ್ಲುಗಳಿಗೆ ಸ್ಪ್ಲೈನ್ ಎಂದು ಹೆಸರು.

ಡ್ರೈವ್ ಶಾಫ್ಟಿನ ಉದ್ದ ಸರಿಯಿದೆ ಎಂದರೆ ಈ ಜಾರುವಿಕೆಗೆ ಎರಡೂ ದಿಕ್ಕಿನಲ್ಲಿ ಸಾಕಷ್ಟು ಜಾಗ ಉಳಿದಿದೆ ಎಂದು ಅರ್ಥ. ಶಾಫ್ಟ್ ಉದ್ದವಾಗಿದ್ದರೆ, ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಕಾರು ಒಂದು ದೊಡ್ಡ ಗುಂಡಿಗೆ ಇಳಿದ ಕ್ಷಣದಲ್ಲಿ ಯೋಕ್ ಒಳಕ್ಕೆ ಪೂರ್ತಿ ಹೋಗಿ ತಳ ಮುಟ್ಟುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಆ ಹೊಡೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗ್‌ಗಳ ಮೇಲೂ ಡಿಫರೆನ್ಷಿಯಲ್‌ನ ಪಿನಿಯನ್ (ಶಾಫ್ಟಿನ ತಿರುಗುಬಲವನ್ನು ಒಳಗೆ ಒಯ್ಯುವ ಗೇರು) ಬೇರಿಂಗ್‌ಗಳ ಮೇಲೂ ಬೀಳುತ್ತದೆ. ಗೇರ್‌ಬಾಕ್ಸಿನ ಹಿಂಭಾಗದ ಅಲ್ಯೂಮಿನಿಯಂ ಹೌಸಿಂಗ್ ಬಿರುಕು ಬಿಡುವುದೂ ಇದೆ. ಗಿಡ್ಡವಾಗಿದ್ದರೆ ಹಾನಿ ನಿಧಾನವಾಗಿ ಬರುತ್ತದೆ. ಸ್ಪ್ಲೈನ್‌ಗಳು ಕೂಡಿಕೊಂಡಿರುವ ಉದ್ದ ಕಡಿಮೆಯಾಗಿ, ಯೋಕ್ ತನ್ನ ಬುಷ್‌ನಲ್ಲಿ ಆಧಾರ ಸಾಲದೆ ಓಲಾಡುತ್ತದೆ, ಆಯಿಲ್ ಸೀಲ್ ಸವೆದು ಜಿನುಗುತ್ತದೆ, ವೇಗ ಹೆಚ್ಚಿದಂತೆ ನಡುಕ ಕಾಣಿಸಿಕೊಳ್ಳುತ್ತದೆ. ತೀರ ಗಿಡ್ಡವಾದರೆ ಆಕ್ಸಲ್ ಪೂರ್ತಿ ಇಳಿಬಿದ್ದಾಗ ಯೋಕ್ ಕಳಚಿಕೊಂಡು ಹೊರಬರುವ ಅಪಾಯವೂ ಇದೆ. ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಳತೆಯೆಂದರೆ, ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಯೋಕ್ ತಳ ಮುಟ್ಟಿದ ಜಾಗದಿಂದ ಮುಕ್ಕಾಲು ಇಂಚಿನಿಂದ ಒಂದು ಇಂಚಿನಷ್ಟು, ಅಂದರೆ ಸುಮಾರು 19ರಿಂದ 25 ಮಿ.ಮೀ. ಹೊರಗಿರಬೇಕು.

ಅಳೆಯುವ ಮೊದಲು ಮುಗಿದಿರಬೇಕಾದ ಕೆಲಸಗಳು

ಹೊಸ ಗೇರ್‌ಬಾಕ್ಸ್ ಕೂರಿಸಿದ ಸಂಭ್ರಮದಲ್ಲಿ ಅದೇ ದಿನ ಅಳತೆ ತೆಗೆದು ಶಾಫ್ಟಿಗೆ ಆರ್ಡರ್ ಕೊಡುವುದು ಸಾಮಾನ್ಯ. ದುಡ್ಡು ಪೋಲಾಗುವುದೂ ಅಲ್ಲೇ. ಮೊದಲ ತಲೆಮಾರಿನ ಕ್ಯಾಮರೊದಲ್ಲಿ, ಎಂದರೆ 1967ರಿಂದ 1969ರವರೆಗಿನ ಮಾದರಿಗಳಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕುಳಿತಿರುವುದು ಮುಂಭಾಗದ ಪ್ರತ್ಯೇಕ ಸಬ್‌ಫ್ರೇಮಿನ ಮೇಲೆ. ಆ ಸಬ್‌ಫ್ರೇಮ್ ಕಾರಿನ ಒಡಲಿಗೆ ರಬ್ಬರ್ ಬುಷ್‌ಗಳ ಮೂಲಕ ಬೋಲ್ಟ್ ಆಗಿರುತ್ತದೆ. ಹಿಂದಿನ ಆಕ್ಸಲ್ ಮಾತ್ರ ಲೀಫ್ ಸ್ಪ್ರಿಂಗ್‌ಗಳ ಮೂಲಕ ನೇರವಾಗಿ ಒಡಲಿಗೇ ಸೇರಿರುತ್ತದೆ. ಹಳೆಯ ರಬ್ಬರ್ ಬುಷ್ ಕುಗ್ಗಿ ಸಬ್‌ಫ್ರೇಮ್ ತುಸು ಹಿಂದಕ್ಕೋ ಓರೆಗೋ ಸರಿದಿದ್ದರೆ ಗೇರ್‌ಬಾಕ್ಸೂ ಅದರೊಂದಿಗೆ ಸರಿದಿರುತ್ತದೆ. ಮುಂದೆ ಎಂದಾದರೂ ಆ ಬುಷ್‌ಗಳನ್ನು ಬದಲಿಸಿ, ಸಬ್‌ಫ್ರೇಮಿನಲ್ಲೂ ಒಡಲಿನಲ್ಲೂ ಇದಕ್ಕೆಂದೇ ಕೊಟ್ಟಿರುವ ರಂಧ್ರಗಳನ್ನು ಒಂದರ ಮೇಲೊಂದು ತಂದು ನೆಟ್ಟಗೆ ಮಾಡಿದರೆ, ಅದಕ್ಕೆ ಮುಂಚೆ ತೆಗೆದ ಅಳತೆ ಸುಳ್ಳಾಗುತ್ತದೆ.

ಹಾಗಾಗಿ ಮೊದಲು ಸಬ್‌ಫ್ರೇಮಿನ ಬುಷ್‌ಗಳು, ಆಮೇಲೆ ಎಂಜಿನ್ ಮೌಂಟ್ ಮತ್ತು ಗೇರ್‌ಬಾಕ್ಸ್ ಮೌಂಟ್, ಆಮೇಲೆ ಗೇರ್‌ಬಾಕ್ಸಿನ ಭಾರ ಹೊರುವ ಅಡ್ಡಪಟ್ಟಿ, ಅನಂತರ ಹಿಂದಿನ ಸ್ಪ್ರಿಂಗ್‌ಗಳು, ಮುಂದೆ ಓಡಿಸಲಿರುವ ಅಳತೆಯ ಟೈರುಗಳು ಇವೆಲ್ಲ ತಮ್ಮ ಕೊನೆಯ ರೂಪದಲ್ಲಿ ಕಾರಿಗೆ ಸೇರಿರಬೇಕು. ಲೀಫ್ ಸ್ಪ್ರಿಂಗಿನ ಬುಷ್ ಬೋಲ್ಟ್‌ಗಳನ್ನು ಕಾರು ನೆಲದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಬಿಗಿಯಬೇಕು. ಆಕ್ಸಲ್ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಕಾರನ್ನು ಬೇಕಾದುದಕ್ಕಿಂತ ಎತ್ತರದಲ್ಲಿ ಹಿಡಿದಿಡುತ್ತದೆ. ಪಿನಿಯನ್ನಿನ ಕೋನವನ್ನೂ ಉದ್ದ ಅಳೆಯುವ ಮೊದಲೇ ಹೊಂದಿಸಿರಬೇಕು. ಆಕ್ಸಲ್ ತುಸು ತಿರುಗಿದರೂ ಪಿನಿಯನ್ ಯೋಕ್, ಅಂದರೆ ಪಿನಿಯನ್ನಿನ ತುದಿಯಲ್ಲಿ ಶಾಫ್ಟನ್ನು ಹಿಡಿಯುವ ಭಾಗ, ಮೇಲಕ್ಕೋ ಕೆಳಕ್ಕೋ ಹೋಗುವುದರ ಜೊತೆಗೆ ಹಿಂದೆಮುಂದೆಯೂ ಸರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಕಾರಿನ ಭಾರ ಚಕ್ರಗಳ ಮೇಲಿರಬೇಕು ಎಂಬುದು ಬಿಡಲಾಗದ ನಿಯಮ. ಎರಡು ಕಂಬದ ಲಿಫ್ಟ್ ಕಾರನ್ನು ಒಡಲಿನಿಂದ ಎತ್ತುವುದರಿಂದ ಆಕ್ಸಲ್ ಪೂರ್ತಿ ಇಳಿಬೀಳುತ್ತದೆ. ಆಕ್ಸಲ್ ನೆಟ್ಟಗೆ ಮೇಲೆ ಕೆಳಗೆ ಓಡಾಡುವುದಿಲ್ಲ, ಸ್ಪ್ರಿಂಗಿನ ಮುಂದಿನ ಕಣ್ಣನ್ನು (ಬೋಲ್ಟ್ ಹಾಯುವ ಸುತ್ತನ್ನು) ಕೇಂದ್ರವಾಗಿಟ್ಟುಕೊಂಡು ಕಮಾನಿನ ದಾರಿಯಲ್ಲಿ ಚಲಿಸುತ್ತದೆ. ಹೀಗಾಗಿ ನೇತಾಡುವ ಆಕ್ಸಲ್‌ಗೆ ಅಳೆದ ದೂರ ಬೇರೆ, ಭಾರ ಹೊತ್ತ ಆಕ್ಸಲ್‌ಗೆ ಅಳೆದ ದೂರ ಬೇರೆ. ನಾಲ್ಕು ಕಂಬದ ಲಿಫ್ಟಿನಲ್ಲಿ ಚಕ್ರಗಳು ಹಳಿಯ ಮೇಲೆ ನಿಲ್ಲುವುದರಿಂದ ಅದೇ ಉತ್ತಮ. ಅದಿಲ್ಲದಿದ್ದರೆ ಹಿಂದಿನ ಆಕ್ಸಲ್‌ನ ಕೊಳವೆಗಳ ಕೆಳಗೆ, ಚಕ್ರಗಳಿಗೆ ಆದಷ್ಟು ಹತ್ತಿರ, ಗಟ್ಟಿ ಸ್ಟ್ಯಾಂಡುಗಳನ್ನಿಟ್ಟು, ಮುಂದಿನ ಚಕ್ರಗಳನ್ನೂ ಅಷ್ಟೇ ಎತ್ತರಕ್ಕೆ ಏರಿಸಿ, ಕಾರು ನೆಲದ ಮೇಲೆ ನಿಂತಾಗ ಇರುವ ವಾಟವನ್ನೇ ಉಳಿಸಿಕೊಳ್ಳಬೇಕು. ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬಾರದು. ಶಾಫ್ಟ್ ಕಳಚಿದ ಕಾರಿನಲ್ಲಿ ಗೇರ್ ಹಾಕಿದ್ದರೂ ಚಕ್ರ ನಿಲ್ಲುವುದಿಲ್ಲ ಎಂಬುದನ್ನು ನೆನಪಿಟ್ಟು ಚಕ್ರಗಳು ಉರುಳದಂತೆ ಅಡ್ಡ ಕೊಟ್ಟಿರಬೇಕು.

ಟೇಪು ಹಿಡಿಯುವ ಬಗೆ

ಹೊಸ ಗೇರ್‌ಬಾಕ್ಸಿಗೆ ಹೊಂದುವ ಸ್ಲಿಪ್ ಯೋಕ್ ಕೈಯಲ್ಲಿದ್ದರೆ ಕೆಲಸ ಸರಳ. ಯೋಕಿನ ನುಣುಪಾದ ಹೊರಮೈಯನ್ನು ಬಟ್ಟೆಯಿಂದ ಒರೆಸಿ, ಸೀಲಿನ ತುಟಿಗೆ ಒಂದಿಷ್ಟು ಎಣ್ಣೆ ಸವರಿ, ಯೋಕನ್ನು ಒಳಕ್ಕೆ ಅದು ತಾನಾಗಿ ನಿಲ್ಲುವವರೆಗೆ ತಳ್ಳಬೇಕು. ನಿಂತದ್ದು ಯಾವುದಕ್ಕೆ ತಾಗಿ ಎಂದು ಬಗ್ಗಿ ನೋಡುವುದು ಒಳ್ಳೆಯದು. ಕೆಲವು ಜೋಡಣೆಗಳಲ್ಲಿ ಔಟ್‌ಪುಟ್ ಶಾಫ್ಟಿನ ತುದಿ ಯೋಕಿನ ಒಳಗಿನ ಮುಚ್ಚಳಕ್ಕೆ ತಾಗುತ್ತದೆ, ಕೆಲವದರಲ್ಲಿ ಯೋಕಿನ ಹೊರಗಿನ ಭುಜ ಸೀಲಿನ ಅಂಚಿಗೇ ಬಂದು ತಾಗುತ್ತದೆ. ಎರಡರಲ್ಲಿ ಯಾವುದು ಮೊದಲು ತಾಗುತ್ತದೋ ಅದೇ ತಳ. ಆ ಜಾಗದಲ್ಲಿ ಸೀಲಿಗೆ ಸರಿಯಾಗಿ ಯೋಕಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು, ಗೆರೆ ಸೀಲಿನಿಂದ ಒಂದು ಇಂಚು ಹೊರಬರುವಷ್ಟು ಯೋಕನ್ನು ಎಳೆದು ಹಿಡಿಯಬೇಕು. ಭುಜವೇ ಸೀಲಿಗೆ ತಾಗುವ ಬಗೆಯಾದರೆ ಗೆರೆಗೆ ಜಾಗ ಸಿಗುವುದಿಲ್ಲ, ಆಗ ಭುಜಕ್ಕೂ ಸೀಲಿಗೂ ನಡುವಿನ ಅಂತರವನ್ನೇ ಅಳೆದುಕೊಂಡರಾಯಿತು.

ಡ್ರೈವ್ ಶಾಫ್ಟಿನ ಉದ್ದ ಎಂದರೆ ಮುಂದಿನ ಕ್ರಾಸಿನ ಕೇಂದ್ರದಿಂದ ಹಿಂದಿನ ಕ್ರಾಸಿನ ಕೇಂದ್ರದವರೆಗಿನ ದೂರ. ಕೊಳವೆಯ ಉದ್ದವೂ ಅಲ್ಲ, ಯೋಕಿನ ತುದಿಯಿಂದ ತುದಿಯ ಉದ್ದವೂ ಅಲ್ಲ. ಗಾಳಿಯಲ್ಲಿರುವ ಕೇಂದ್ರಬಿಂದುವಿಗೆ ಟೇಪು ಹಿಡಿಯುವುದು ಕಷ್ಟವಾದ್ದರಿಂದ, ಎರಡೂ ಕಡೆಯ ಕ್ರಾಸಿನ ಕ್ಯಾಪುಗಳ (ಕ್ರಾಸಿನ ತುದಿಗಳಿಗೆ ಕೂರುವ ಬೇರಿಂಗ್ ಬಟ್ಟಲುಗಳ) ವ್ಯಾಸ ಒಂದೇ ಆಗಿದ್ದರೆ, ಮುಂದಿನ ಯೋಕಿನ ರಂಧ್ರದ ಮುಂಚೂಣಿ ಅಂಚಿನಿಂದ ಹಿಂದಿನ ಪಿನಿಯನ್ ಯೋಕಿನಲ್ಲಿ ಕ್ಯಾಪು ಕೂರುವ ಕುಳಿಯ ಮುಂಚೂಣಿ ಅಂಚಿನವರೆಗೆ ಅಳೆದರೂ ಅದೇ ಸಂಖ್ಯೆ ಸಿಗುತ್ತದೆ. ವ್ಯಾಸ ಬೇರೆಯಾದರೆ ಈ ಉಪಾಯ ನಡೆಯದು. ಇಬ್ಬರು ಹಿಡಿದು, ಟೇಪು ಜೋಲದಂತೆ, ಕಾರಿನ ನೆಲದಡಿ ಶಾಫ್ಟ್ ಹಾಯುವ ಟನಲ್‌ಗೂ ಸೈಲೆನ್ಸರ್ ಕೊಳವೆಗೂ ತಾಗದಂತೆ ಎಳೆದು, ಒಂದಕ್ಕಿಂತ ಹೆಚ್ಚು ಬಾರಿ ಓದಿಕೊಳ್ಳಬೇಕು. ಎಂಟನೇ ಒಂದು ಇಂಚಿನ ಹೆಚ್ಚುಕಮ್ಮಿಯನ್ನು ಸ್ಲಿಪ್ ಯೋಕ್ ಸಲೀಸಾಗಿ ನುಂಗುತ್ತದೆ. ಉದ್ದದ ವಿಷಯದಲ್ಲಿ ಕೂದಲು ಸೀಳುವಷ್ಟು ನಿಖರತೆ ಬೇಕಿಲ್ಲ. ಮುಂದೆ ಹೇಳುವ ಕೋನದ ವಿಷಯದಲ್ಲಿ ಮಾತ್ರ ಅಂಥ ಉದಾರತೆಗೆ ಎಡೆಯಿಲ್ಲ.

ಯೋಕ್ ಇನ್ನೂ ಕೈಗೆ ಬಂದಿಲ್ಲವಾದರೆ ಶಾಫ್ಟ್ ಮಾಡಿಕೊಡುವವರು ಗೇರ್‌ಬಾಕ್ಸಿನ ಸೀಲಿನ ಮುಖದಿಂದಲೋ ಔಟ್‌ಪುಟ್ ಶಾಫ್ಟಿನ ತುದಿಯಿಂದಲೋ ಪಿನಿಯನ್ ಯೋಕಿನವರೆಗಿನ ದೂರ ಕೇಳುತ್ತಾರೆ. ಒಬ್ಬರು ಕೇಳುವುದು ಕುಳಿಯ ಕೇಂದ್ರದವರೆಗೆ, ಇನ್ನೊಬ್ಬರು ಕೇಳುವುದು ಯೋಕಿನ ಚಪ್ಪಟೆ ಮುಖದವರೆಗೆ. ಬರೀ ಸಂಖ್ಯೆ ಕಳಿಸದೆ ಎಲ್ಲಿಂದ ಎಲ್ಲಿಗೆ ಅಳೆದದ್ದು, ಒಂದು ಇಂಚಿನ ಅಂತರವನ್ನು ಕಳೆದಿದೆಯೇ ಇಲ್ಲವೇ ಎಂಬುದನ್ನು ಚಿತ್ರ ಬರೆದು ತಿಳಿಸಬೇಕು. ಅಳೆದವರೂ ಮಾಡಿದವರೂ ತಲಾ ಒಂದು ಇಂಚು ಕಳೆದ ಶಾಫ್ಟುಗಳು ಎಷ್ಟೋ ಗ್ಯಾರೇಜುಗಳ ಮೂಲೆಯಲ್ಲಿ ಬಿದ್ದಿವೆ.

ಗೇರ್‌ಬಾಕ್ಸ್ ಬದಲಿಸಿದಾಗ

ಜನರಲ್ ಮೋಟಾರ್ಸ್‌ನ ಆ ಕಾಲದ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಎರಡು ಗೇರಿನ ಪವರ್‌ಗ್ಲೈಡ್ ಮತ್ತು ಗಿಡ್ಡ ಬಾಲದ (ಹಿಂಭಾಗದ ಹೌಸಿಂಗ್ ಗಿಡ್ಡವಿರುವ) ಟರ್ಬೊ 350 ಹೆಚ್ಚುಕಡಿಮೆ ಒಂದೇ ಉದ್ದದವು, ಎರಡರ ಔಟ್‌ಪುಟ್ ಶಾಫ್ಟಿಗೂ 27 ಸ್ಪ್ಲೈನ್. ಹಾಗಾಗಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಹಳೆಯ ಶಾಫ್ಟೇ ನಡೆಯುತ್ತದೆ. ಓವರ್‌ಡ್ರೈವ್ (ಶಾಫ್ಟಿಗಿಂತ ಎಂಜಿನ್ ನಿಧಾನವಾಗಿ ತಿರುಗುವ ಗೇರು) ಬೇಕೆಂದು 700ಆರ್4 ಹಾಕಿದವರಿಗೆ ಈ ಅನುಕೂಲವಿಲ್ಲ. ಅದು ಸುಮಾರು ಮೂರು ಇಂಚು ಹೆಚ್ಚು ಉದ್ದವಾದ್ದರಿಂದ ಶಾಫ್ಟನ್ನು ಅಷ್ಟೇ ಗಿಡ್ಡ ಮಾಡಿಸಬೇಕು. ಅದೇ ಓವರ್‌ಡ್ರೈವ್ 200-4ಆರ್‌ನಲ್ಲಿ ಬೇಕಾದರೆ, ಅದರ ಉದ್ದ ಗಿಡ್ಡ ಬಾಲದ ಟರ್ಬೊ 350ಕ್ಕೆ ಸಮೀಪವಾದ್ದರಿಂದ ಶಾಫ್ಟ್ ಉಳಿಯುತ್ತದೆ, ಅಡ್ಡಪಟ್ಟಿಯ ಜಾಗ ಮಾತ್ರ ಬದಲಾಗುತ್ತದೆ. ಟರ್ಬೊ 400ರದು 32 ಸ್ಪ್ಲೈನ್, ಯೋಕಿನ ಹೊರವ್ಯಾಸ ಸುಮಾರು 1.88 ಇಂಚು, 27 ಸ್ಪ್ಲೈನಿನ ಯೋಕಿನದು 1.5 ಇಂಚು. ಇವೆರಡನ್ನು ಕಣ್ಣಳತೆಯಲ್ಲೇ ಗುರುತಿಸಬಹುದು. ಟ್ರೆಮೆಕ್ ಕಂಪನಿಯ ಐದು ಗೇರಿನ ಟಿಕೆಎಕ್ಸ್ ಈಗ ಇಂಥ ಕಾರುಗಳಿಗೆ ಜನಪ್ರಿಯ ಆಯ್ಕೆ, ಅದಕ್ಕೆ 31 ಸ್ಪ್ಲೈನ್. ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳ ಲೆಕ್ಕ ಮತ್ತೆ ಬೇರೆ: ಮಸ್ಟ್ಯಾಂಗಿನ ಸಿ4 ಗೇರ್‌ಬಾಕ್ಸಿಗೆ 28, ಸಿ6ಗೆ 31, ಡಾಡ್ಜ್ ಚಾರ್ಜರಿನ 727ಕ್ಕೆ 30.

ಕ್ರಾಸುಗಳಿಗೂ ಸರಣಿ ಸಂಖ್ಯೆಗಳಿವೆ. ಹೆಚ್ಚು ಬಳಕೆಯಲ್ಲಿರುವ 1310 ಸರಣಿಯ ಕ್ರಾಸ್ ಅಡ್ಡಕ್ಕೆ 3.22 ಇಂಚು, 1330 ಮತ್ತು 1350 ಎರಡೂ 3.625 ಇಂಚು. ಆದರೆ 1350ರ ಕ್ಯಾಪಿನ ವ್ಯಾಸ 1.188 ಇಂಚು, ಉಳಿದೆರಡರದು 1.063 ಇಂಚು. ಮುಂದೆ ಒಂದು ಸರಣಿ, ಹಿಂದೆ ಇನ್ನೊಂದು ಸರಣಿ ಇದ್ದರೆ ಎರಡಕ್ಕೂ ಹೊಂದುವ ಮಿಶ್ರ ಕ್ರಾಸುಗಳು ಸಿಗುತ್ತವೆ. ಆದರೂ ಹೊಸ ಶಾಫ್ಟನ್ನೇ ಮಾಡಿಸುವಾಗ ಎರಡೂ ತುದಿಗಳನ್ನು ಒಂದೇ ಸರಣಿಗೆ ತರುವುದು ಮೇಲು. 1969ರ ಎಲ್78 ಎಂಬ 396 ಘನ ಇಂಚಿನ ಎಂಜಿನ್ನಿನ ತಿರುಗುಬಲ 415 ಪೌಂಡ್-ಅಡಿ ಎಂದು ಕಂಪನಿ ಹೇಳಿತ್ತು. 2.52 ಅನುಪಾತದ ಮೊದಲ ಗೇರಿನ ಮೂಲಕ ಹಾದಾಗ ಅದು ಶಾಫ್ಟಿನ ಮೇಲೆ ಸಾವಿರ ಪೌಂಡ್-ಅಡಿ ದಾಟುತ್ತದೆ. ಅಂಥ ಎಂಜಿನ್ ಇರುವ ಕಾರಿಗೆ 1350 ಹಾಕಿಸುವುದನ್ನು ಆಡಂಬರ ಎನ್ನಲಾಗದು. ಸೌಮ್ಯವಾದ 327 ಎಂಜಿನ್ನಿಗೆ 1310 ಧಾರಾಳ ಸಾಕು. ಕಾರ್ಖಾನೆಯ ಮೂಲ ಶಾಫ್ಟುಗಳಲ್ಲಿ ಕ್ಯಾಪುಗಳನ್ನು ಕರಗಿಸಿದ ಪ್ಲಾಸ್ಟಿಕ್ ತುಂಬಿ ಹಿಡಿದಿರುತ್ತಿದ್ದರು ಎಂಬುದು ತಿಳಿಯದೆ ಅವುಗಳನ್ನು ಸುತ್ತಿಗೆಯಿಂದ ಹೊಡೆಯುವವರಿದ್ದಾರೆ. ಯೋಕನ್ನು ಟಾರ್ಚಿನಿಂದ ಕಾಯಿಸಿದರೆ ಪ್ಲಾಸ್ಟಿಕ್ ಸಣ್ಣ ರಂಧ್ರಗಳಿಂದ ಸುರುಳಿಯಾಗಿ ಹೊರಬಂದು ಕ್ಯಾಪು ಸುಲಭವಾಗಿ ಸಡಿಲಗೊಳ್ಳುತ್ತದೆ.

ಕೋನದ ಲೆಕ್ಕ

ಉದ್ದ ಸರಿಯಾಗಿಯೂ ಕಾರು ನಡುಗುತ್ತಿದ್ದರೆ ಕಾರಣ ಬಹುಪಾಲು ಕೋನದಲ್ಲಿರುತ್ತದೆ. ಯೂನಿವರ್ಸಲ್ ಜಾಯಿಂಟಿನ ಸ್ವಭಾವವೇ ಹಾಗೆ: ಅದು ಕೋನದಲ್ಲಿ ತಿರುಗುವಾಗ ಒಂದು ಕಡೆಯ ವೇಗ ಸಮವಾಗಿದ್ದರೂ ಇನ್ನೊಂದು ಕಡೆಯ ವೇಗ ಪ್ರತಿ ಸುತ್ತಿಗೆ ಎರಡು ಸಲ ಹೆಚ್ಚಿ ಎರಡು ಸಲ ತಗ್ಗುತ್ತದೆ. ಕೋನ 3 ಡಿಗ್ರಿ ಇದ್ದಾಗ ಈ ಏರಿಳಿತ ಶೇ. 0.14ರಷ್ಟು, 6 ಡಿಗ್ರಿ ಆದಾಗ ಶೇ. 0.55. ಕೋನ ಎರಡರಷ್ಟಾದರೆ ಏರಿಳಿತ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. ಮುಂದಿನ ಜಾಯಿಂಟ್ ಹುಟ್ಟಿಸಿದ ಏರಿಳಿತವನ್ನು ಹಿಂದಿನ ಜಾಯಿಂಟ್ ಅಳಿಸಿಹಾಕಬೇಕಾದರೆ ಎರಡೂ ಕಡೆಯ ಕೋನಗಳು ಸಮವಾಗಿರಬೇಕು, ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ನೇರದಲ್ಲಿ ಬೆಸುಗೆಯಾಗಿರಬೇಕು. ಆಗ ಗೇರ್‌ಬಾಕ್ಸಿನ ಅಕ್ಷವೂ ಪಿನಿಯನ್ನಿನ ಅಕ್ಷವೂ ಪರಸ್ಪರ ಸಮಾನಾಂತರವಾಗಿರುತ್ತವೆ, ನಡುವೆ ಶಾಫ್ಟ್ ಮಾತ್ರ ಓರೆಯಾಗಿರುತ್ತದೆ.

ಒಂದು ಉದಾಹರಣೆ ನೋಡೋಣ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರಾಗಿದೆ, ಶಾಫ್ಟ್ ಹಿಂದಕ್ಕೆ 1 ಡಿಗ್ರಿ ಇಳಿಜಾರಾಗಿದೆ ಎನ್ನೋಣ. ಮುಂದಿನ ಜಾಯಿಂಟಿನ ಕೋನ 2 ಡಿಗ್ರಿ. ಪಿನಿಯನ್ನಿನ ಮೂತಿ 3 ಡಿಗ್ರಿ ಮೇಲಕ್ಕೆ ನೋಡುತ್ತಿದ್ದರೆ ಅದರ ಅಕ್ಷವೂ ಹಿಂದಕ್ಕೆ 3 ಡಿಗ್ರಿ ಇಳಿಜಾರಾದಂತಾಗಿ, ಹಿಂದಿನ ಜಾಯಿಂಟಿನ ಕೋನವೂ 2 ಡಿಗ್ರಿ ಆಗುತ್ತದೆ. ಲೆಕ್ಕ ಸರಿಹೋಯಿತು. ಪ್ರತಿ ಜಾಯಿಂಟಿನ ಕೋನ 1ರಿಂದ 3 ಡಿಗ್ರಿಯೊಳಗಿರುವುದು ಒಳ್ಳೆಯದು. ಸೊನ್ನೆಯಾದರೆ ಇನ್ನೂ ಒಳ್ಳೆಯದಲ್ಲವೇ ಎಂದು ತೋರಬಹುದು, ಆದರೆ ಹಾಗಲ್ಲ. ಕೋನವೇ ಇಲ್ಲದಿದ್ದರೆ ಕ್ಯಾಪಿನೊಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಒತ್ತಿಕೊಂಡು ಕ್ರಾಸಿನ ಮೈಯಲ್ಲಿ ಗೀರು ಬೀಳಿಸುತ್ತವೆ.

ಅಳೆಯಲು ಡಿಜಿಟಲ್ ಕೋನಮಾಪಕ ಸಾಕು. ಮುಂಭಾಗದ ಕೋನವನ್ನು ಗೇರ್‌ಬಾಕ್ಸಿನ ಯಂತ್ರದಲ್ಲಿ ಕಡೆದ ಯಾವುದಾದರೂ ಚಪ್ಪಟೆ ಮುಖದಿಂದ, ನಡುವಿನದನ್ನು ಶಾಫ್ಟಿನ ಕೊಳವೆಯ ಮೇಲಿನಿಂದ, ಹಿಂದಿನದನ್ನು ಪಿನಿಯನ್ ಯೋಕಿನ ಮುಖದಿಂದ ತೆಗೆದುಕೊಳ್ಳಬಹುದು. ಎರಕದ ಒರಟು ಮೈಯ ಮೇಲೆ ಮಾಪಕ ಇಟ್ಟು ಓದಿದ ಸಂಖ್ಯೆಗೆ ಬೆಲೆಯಿಲ್ಲ. ಹೊಸ ಶಾಫ್ಟ್ ಇನ್ನೂ ಬಂದಿಲ್ಲದಿದ್ದರೆ ಎರಡು ಯೋಕುಗಳ ಕೇಂದ್ರಗಳ ನಡುವೆ ಬಿಗಿಯಾಗಿ ದಾರ ಕಟ್ಟಿ ಅದರ ಓರೆಯನ್ನು ಅಂದಾಜಿಸಿ, ಶಾಫ್ಟ್ ಬಂದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಬೇಕು.

ಲೀಫ್ ಸ್ಪ್ರಿಂಗಿನ ಕಾರುಗಳಲ್ಲಿ ಒಂದು ತೊಡಕು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದೊಡನೆ ಚಕ್ರಗಳು ಮುಂದಕ್ಕೆ ಉರುಳಲು ಹೊರಟರೆ, ಅದರ ಪ್ರತಿಕ್ರಿಯೆಯಾಗಿ ಆಕ್ಸಲ್‌ನ ಒಡಲು ಹಿಮ್ಮುಖವಾಗಿ ತಿರುಚಿಕೊಂಡು ಸ್ಪ್ರಿಂಗಿನ ಪಟ್ಟಿಗಳನ್ನು ಬಾಗಿಸುತ್ತದೆ, ಪಿನಿಯನ್ನಿನ ಮೂತಿ ಮೇಲೇಳುತ್ತದೆ. 1967ರ ಕ್ಯಾಮರೊಗೆ ಒಂದೇ ಪಟ್ಟಿಯ ಸ್ಪ್ರಿಂಗ್ ಕೊಟ್ಟಿದ್ದರಿಂದ ಈ ತಿರುಚು ಜೋರಾಗಿ, ಬಲವಾದ ಎಂಜಿನ್ನುಗಳಿರುವ ಕಾರುಗಳಲ್ಲಿ ಹಿಂದಿನ ಚಕ್ರಗಳು ಕುಪ್ಪಳಿಸುತ್ತಿದ್ದವು. 1968ರಲ್ಲಿ ಕಂಪನಿಯು ಅಂಥ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಟ್ಟಿತು. ಜೊತೆಗೆ ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದನ್ನು ಆಕ್ಸಲ್‌ನ ಮುಂದೆ, ಇನ್ನೊಂದನ್ನು ಹಿಂದೆ ಇರಿಸಿತು. ಮೂತಿ ಮೇಲೇಳುವುದನ್ನು ಲೆಕ್ಕಕ್ಕೆ ಹಿಡಿದು, ನಿಂತ ಕಾರಿನಲ್ಲಿ ಪಿನಿಯನ್ನನ್ನು ಸಮಾನಾಂತರಕ್ಕಿಂತ 1ರಿಂದ 2 ಡಿಗ್ರಿ ಕೆಳಗಿಡುವುದು ರೂಢಿ. ಮೇಲಿನ ಉದಾಹರಣೆಯಲ್ಲಿ 3 ಡಿಗ್ರಿಯ ಬದಲು ಒಂದೂವರೆಯೋ ಎರಡೋ ಡಿಗ್ರಿ. ಸ್ಪ್ರಿಂಗಿಗೂ ಆಕ್ಸಲ್‌ನ ಪೀಠಕ್ಕೂ ನಡುವೆ ಬೆಣೆಯಾಕಾರದ ಲೋಹದ ತಗಡು ಸೇರಿಸಿ ಇದನ್ನು ಹೊಂದಿಸುತ್ತಾರೆ. ಅದೇ ಕಾಲದ ಷೆವೆಲ್ ಕಾರಿನಲ್ಲಿ ಲೀಫ್ ಸ್ಪ್ರಿಂಗ್ ಇಲ್ಲ, ಕಾಯಿಲ್ ಸ್ಪ್ರಿಂಗ್ ಮತ್ತು ನಾಲ್ಕು ತೋಳುಗಳಿವೆ. ಅಲ್ಲಿ ಉದ್ದ ಬದಲಿಸಬಲ್ಲ ಮೇಲಿನ ತೋಳುಗಳನ್ನು ಹಾಕಿ ಕೋನ ತಿದ್ದಬಹುದು.

ವೇಗದ ಮಿತಿ

ಉದ್ದನೆಯ ಕೊಳವೆಗೆ ಇನ್ನೊಂದು ಗುಣವಿದೆ. ಮಕ್ಕಳು ಇಬ್ಬರು ಹಿಡಿದು ತಿರುಗಿಸುವ ಹಗ್ಗ ನಡುವೆ ಹೊಟ್ಟೆ ಬಿಡುವಂತೆ, ಶಾಫ್ಟ್ ಕೂಡ ಒಂದು ವೇಗ ತಲುಪಿದಾಗ ನಡುವೆ ಬಾಗಿ ಸುತ್ತತೊಡಗುತ್ತದೆ. ಆ ನಿರ್ಣಾಯಕ ವೇಗಕ್ಕೆ ಮುಟ್ಟಿದ ಶಾಫ್ಟ್ ಉಳಿಯುವುದಿಲ್ಲ. ಈ ವೇಗ ಉದ್ದದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 3 ಇಂಚು ಹೊರವ್ಯಾಸದ, 0.083 ಇಂಚು ದಪ್ಪ ಗೋಡೆಯ ಉಕ್ಕಿನ ಕೊಳವೆ 50 ಇಂಚು ಉದ್ದವಿದ್ದರೆ ಸೈದ್ಧಾಂತಿಕ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 7,700 ಸುತ್ತು. 54 ಇಂಚು ಆದರೆ ಸುಮಾರು 6,600. ನಾಲ್ಕೇ ಇಂಚಿಗೆ ಸಾವಿರದಷ್ಟು ಸುತ್ತು ಹೋಯಿತು. ಲೆಕ್ಕದ ಮಿತಿಯ ಮುಕ್ಕಾಲು ಭಾಗದೊಳಗೆ ಓಡಿಸುವುದು ವಿವೇಕ. ವ್ಯಾಸವನ್ನು ಮೂರೂವರೆ ಇಂಚಿಗೆ ಏರಿಸಿದರೆ ಮಿತಿ ಶೇ. 17ರಷ್ಟು ಮೇಲೇರುತ್ತದೆ, ಆದರೆ ಅಷ್ಟು ದಪ್ಪದ ಕೊಳವೆ ಟನಲ್‌ನಲ್ಲಿ ತಾಗದೆ ತಿರುಗುತ್ತದೆಯೇ ಎಂದು ಮೊದಲೇ ನೋಡಿರಬೇಕು. ಅಲ್ಯೂಮಿನಿಯಂ ಹಾಕಿಸಿದರೆ ಈ ಮಿತಿ ತಾನಾಗಿ ಏರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬಿಗುವಿಗೂ ಸಾಂದ್ರತೆಗೂ ಇರುವ ಅನುಪಾತ ಉಕ್ಕು, ಅಲ್ಯೂಮಿನಿಯಂ ಎರಡರಲ್ಲೂ ಸರಿಸುಮಾರು ಒಂದೇ ಆದ್ದರಿಂದ, ಅದೇ ಅಳತೆಯ ಕೊಳವೆಗೆ ಮಿತಿಯೂ ಅಷ್ಟೇ. ತೂಕ ಕಡಿಮೆಯಿರುವುದರಿಂದ ವ್ಯಾಸ ಹೆಚ್ಚಿಸಲು ಅವಕಾಶ ಸಿಗುತ್ತದೆ, ಲಾಭವಿರುವುದು ಅದರಲ್ಲಿ.

ಓವರ್‌ಡ್ರೈವ್ ಹಾಕಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. 26 ಇಂಚು ಎತ್ತರದ ಟೈರು, 3.73 ಅನುಪಾತದ ಆಕ್ಸಲ್ ಇರುವ ಕಾರು ಗಂಟೆಗೆ 60 ಮೈಲಿ ಓಡುವಾಗ ಶಾಫ್ಟ್ ನಿಮಿಷಕ್ಕೆ ಸುಮಾರು 2,900 ಸುತ್ತುತ್ತದೆ. ಹಳೆಯ ನಾಲ್ಕನೇ ಗೇರಿನಲ್ಲಿ ಎಂಜಿನ್ನೂ ಅಷ್ಟೇ ಸುತ್ತುತ್ತಿತ್ತು. 0.68 ಅನುಪಾತದ ಐದನೇ ಗೇರಿನಲ್ಲಿ ಎಂಜಿನ್ ಸುಮಾರು 1,970ಕ್ಕೆ ಇಳಿದು ಸದ್ದಡಗಿಸುತ್ತದೆ, ಶಾಫ್ಟಿನ ವೇಗ ಮಾತ್ರ ಇದ್ದಲ್ಲೇ ಇರುತ್ತದೆ. ಹಿಂದೆ ಎಂಜಿನ್ನಿನ ಗರಿಷ್ಠ ಸುತ್ತೇ ಶಾಫ್ಟಿಗೂ ಕಡಿವಾಣವಾಗಿತ್ತು. ಈಗ ಎಂಜಿನ್ 4,500ರಲ್ಲಿ ನಿರಾಳವಾಗಿರುವಾಗಲೇ ಶಾಫ್ಟ್ 6,600 ಮುಟ್ಟಬಲ್ಲದು. ಅದು ಗಂಟೆಗೆ 137 ಮೈಲಿ ವೇಗ, ರೇಸ್ ಟ್ರ್ಯಾಕಿಗೆ ಹೋಗದವರಿಗೆ ಚಿಂತೆಯಿಲ್ಲ. ಹೋಗುವವರು ಶಾಫ್ಟ್ ಮಾಡುವವರಿಗೆ ಉದ್ದದ ಜೊತೆಗೆ ಆಕ್ಸಲ್ ಅನುಪಾತ, ಟೈರಿನ ಎತ್ತರ, ಮುಟ್ಟಲಿರುವ ವೇಗ ಇವನ್ನೂ ಹೇಳಬೇಕು.

ಜೋಡಿಸಿದ ಮೇಲೆ

ಶಾಫ್ಟ್ ಬಂದಾಗ ಯೋಕುಗಳು ಒಂದೇ ನೇರದಲ್ಲಿವೆಯೇ, ಬ್ಯಾಲೆನ್ಸ್ ಮಾಡಿದ ಗುರುತಿನ ತುಂಡುಗಳು ಕೊಳವೆಗೆ ಭದ್ರವಾಗಿ ಅಂಟಿವೆಯೇ ಎಂದು ನೋಡಿ ಒಳಗೆ ಕೂರಿಸಬೇಕು. ಪಿನಿಯನ್ ಯೋಕಿನ ಪಟ್ಟಿಗಳನ್ನು ಅತಿಯಾಗಿ ಬಿಗಿದರೆ ಕ್ಯಾಪು ನಜ್ಜಾಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಜೋಡಿಸಿದ ಕ್ರಾಸ್ ಕೈಯಿಂದ ಸಲೀಸಾಗಿ ಅಲುಗಬೇಕು. ಆಮೇಲೆ ಒಡಲನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲ್ ಪೂರ್ತಿ ಇಳಿಬಿಟ್ಟು ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು, ಜಾಕಿನಿಂದ ಆಕ್ಸಲ್ ಎತ್ತುತ್ತ ಒಡಲು ಸ್ಟ್ಯಾಂಡಿನಿಂದ ಮೇಲೇಳಲು ಹೊರಡುವ ಹಂತದಲ್ಲಿ ನಿಲ್ಲಿಸಿ ಮತ್ತೊಂದು ಸುತ್ತು ತಿರುಗಿಸಬೇಕು. ಯೋಕಿನ ಕಿವಿಗಳು ಎಲ್ಲೂ ತಾಗಬಾರದು, ಕೊಳವೆ ಟನಲ್‌ಗೋ ಹ್ಯಾಂಡ್ ಬ್ರೇಕಿನ ಕೇಬಲ್ಲಿಗೋ ಉಜ್ಜಬಾರದು, ಎರಡೂ ಹಂತಗಳಲ್ಲಿ ಸೀಲಿನ ಬಳಿ ಯೋಕ್ ಎಷ್ಟು ಹೊರಗಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ರಸ್ತೆಯ ಮೇಲಿನ ಪರೀಕ್ಷೆಗೆ ಯೋಕಿನ ಹೊಳೆಯುವ ಮೈಗೆ ಸೀಲಿನ ಅಂಚಿನಿಂದ ಹಿಂದಕ್ಕೆ ಮಾರ್ಕರ್ ಮಸಿ ತೆಳುವಾಗಿ ಬಳಿದು, ಕಾರಿನಲ್ಲಿ ಜನ ಕೂರಿಸಿಕೊಂಡು, ನಾಲ್ಕಾರು ರಸ್ತೆ ಉಬ್ಬುಗಳನ್ನು ದಾಟಿ ಬರಬಹುದು. ಯೋಕ್ ಒಳಹೋದಷ್ಟು ದೂರ ಸೀಲಿನ ತುಟಿ ಮಸಿಯನ್ನು ಒರೆಸಿರುತ್ತದೆ. ಕಾಲು ಇಂಚಿನಷ್ಟೋ ಅರ್ಧ ಇಂಚಿನಷ್ಟೋ ಅಳಿಸಿ, ತಳಕ್ಕೆ ಇನ್ನೂ ಜಾಗ ಉಳಿದಿದ್ದರೆ ಉದ್ದ ಸರಿಯಿದೆ. ಯೋಕಿನ ಭುಜದವರೆಗೂ ಮಸಿ ಅಳಿಸಿದ್ದರೆ ಶಾಫ್ಟನ್ನು ಮತ್ತೆ ಕತ್ತರಿಸಬೇಕೆಂದೇ ಅರ್ಥ.

ನಡುಕ ಉಳಿದಿದ್ದರೆ ಅದರ ಲಯವೇ ಮೂಲವನ್ನು ಹೇಳುತ್ತದೆ. ಮೇಲೆ ಹೇಳಿದ ಕಾರು 60 ಮೈಲಿ ವೇಗದಲ್ಲಿರುವಾಗ ಚಕ್ರ ಸೆಕೆಂಡಿಗೆ 13 ಸಲ, ಶಾಫ್ಟ್ 48 ಸಲ ಸುತ್ತುತ್ತವೆ. ಸೆಕೆಂಡಿಗೆ 13ರ ಲಯದ ನಡುಕ ಟೈರಿನದು, 48ರದು ಶಾಫ್ಟಿನ ಬ್ಯಾಲೆನ್ಸಿನದು ಅಥವಾ ಬಾಗಿದ ಕೊಳವೆಯದು, ಪ್ರತಿ ಸುತ್ತಿಗೆ ಎರಡರಂತೆ 96ರ ಲಯದ ಗುಂಯ್‌ಗುಡುವಿಕೆ ಜಾಯಿಂಟಿನ ಕೋನದ್ದು. ಫೋನಿನಲ್ಲಿರುವ ಕಂಪನ ಅಳೆಯುವ ಆ್ಯಪ್ ಕೂಡ ಈ ಮೂರನ್ನು ಬೇರ್ಪಡಿಸಿ ತೋರಿಸಬಲ್ಲದು. ಕೋನದ ನಡುಕ ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಇರುತ್ತದೆ. ಬ್ಯಾಲೆನ್ಸಿನ ನಡುಕಕ್ಕೆ ಆ ವ್ಯತ್ಯಾಸ ತಿಳಿಯದು, ಅದು ವೇಗಕ್ಕೆ ಮಾತ್ರ ಓಗೊಡುತ್ತದೆ.

ಡ್ರ್ಯಾಗ್ ರೇಸಿಗೆ ಹೋಗುವ ಕಾರುಗಳಿಗೆ ಅಮೆರಿಕದ ಎನ್‌ಎಚ್‌ಆರ್‌ಎ ಸಂಸ್ಥೆ ಕಾರಿನ ವೇಗ ಮತ್ತು ಟೈರಿನ ಬಗೆ ನೋಡಿ ಶಾಫ್ಟಿನ ಸುತ್ತ ಉಕ್ಕಿನ ಬಳೆ ಕಡ್ಡಾಯ ಮಾಡಿದೆ. ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ಮುಂಭಾಗ ರಸ್ತೆಗೆ ಬಿದ್ದು ನೆಟ್ಟುಕೊಳ್ಳದಂತೆ, ಇಲ್ಲವೇ ನೆಲದ ತಗಡನ್ನು ಸೀಳಿ ಒಳಗೆ ಬರದಂತೆ ಅದು ತಡೆಯುತ್ತದೆ. ಕಾಲು ಇಂಚು ದಪ್ಪ, ಎರಡು ಇಂಚು ಅಗಲದ ಪಟ್ಟಿಯ ಈ ಬಳೆ ಮುಂದಿನ ಕ್ರಾಸಿನಿಂದ 6 ಇಂಚಿನೊಳಗೆ ಇರಬೇಕು. ರಸ್ತೆಯಲ್ಲಷ್ಟೇ ಓಡಿಸುವವರಿಗೆ ನಿಯಮದ ಕಟ್ಟಿಲ್ಲ, ಆದರೂ ಹೊಸ ಗೇರ್‌ಬಾಕ್ಸಿಗೆ ಅಡ್ಡಪಟ್ಟಿ ಮಾಡಿಸುವಾಗಲೇ ಇದನ್ನೂ ಸೇರಿಸಿಬಿಡುವುದು ವಾಸಿ. ಶಾಫ್ಟ್ ಆಗಲೇ ಕೆಳಗಿಳಿದಿರುತ್ತದೆ, ಟನಲ್‌ಗೆ ಕೈ ಸಲೀಸಾಗಿ ಹೋಗುತ್ತದೆ.